ಚಪ್ಪಲಿಯ ಜೊತೆ ಅವಮಾನವನ್ನೂ ಹೊರಗೆ ಬಿಡಲು ಸಾಧ್ಯವೇ?

ಮನೆಯಲ್ಲಿ ದುಡಿಯುವವರು ಸಂಜೆ ಮರಳಿ ಬಂದು ಚಪ್ಪಲಿ ಬಿಡುವ ಸದ್ದನ್ನು ನೀವು ಎಂದಾದರೂ ಗಮನವಿಟ್ಟು ಕೇಳಿದ್ದೀರಾ? ಒಂದು ದಿನ ಅದು ಸಾವಕಾಶವಾಗಿ ಬದಿಗೆ ಸರಿಯುತ್ತದೆ. ಇನ್ನೊಂದು ದಿನ ಗೋಡೆಗೆ ಹೋಗಿ ಬಡಿಯುತ್ತದೆ. ಮಕ್ಕಳಿಗೆ ಈ ಭಾಷೆ ಬಹಳ ಬೇಗ ಅರ್ಥವಾಗುತ್ತದೆ. ಚಪ್ಪಲಿ ಗೋಡೆಗೆ ಬಡಿದ ದಿನ ಅವರು ಟಿ.ವಿ.ಯ ಸದ್ದು ತಗ್ಗಿಸಿ, ಪುಸ್ತಕ ಬಿಡಿಸಿ ಕೂರುತ್ತಾರೆ. ಅಡುಗೆ ಮನೆಯಲ್ಲಿರುವವಳು "ಇವತ್ತು ಏನೋ ಆಗಿದೆ" ಎಂದುಕೊಂಡು ಚಹಾಕ್ಕೆ ನೀರಿಡುತ್ತಾಳೆ. ಏನಾಗಿದೆ ಎಂದು ಯಾರೂ ಕೇಳುವುದಿಲ್ಲ. ಬಂದವರು ಹೇಳುವುದೂ ಇಲ್ಲ.

ಹಾಗೆ ಹೇಳದೆ ಉಳಿದ ಮಾತಿನ ಬಗ್ಗೆ ಇಂದು ಸ್ವಲ್ಪ ಮಾತಾಡೋಣ.

ಎರಡು ವರ್ಷಗಳ ಹಿಂದಿನ ಮಾತು. ಮಳೆಗಾಲದ ಒಂದು ಬೆಳಿಗ್ಗೆ ಮದ್ರಸ ಬಿಟ್ಟು ಮಕ್ಕಳೆಲ್ಲ ಹೋದ ಮೇಲೆ ಒಬ್ಬ ತಾಯಿ ಬಂದು ಬಾಗಿಲ ಬಳಿ ನಿಂತರು. ನರಸಿಂಹರಾಜಪುರದ ಕಡೆಯವರು. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ. ಹೆಸರು ಬೇಡ. ಅವರ ಕೈಯಲ್ಲಿ ಒಂದು ನೀರಿನ ಬಾಟಲಿ ಇತ್ತು.

"ಉಸ್ತಾದ್, ಮಗನಿಗೆ ಯಾರದೋ ಕಣ್ಣು ಬಿದ್ದಿದೆ. ಇದಕ್ಕೆ ಸ್ವಲ್ಪ ಓದಿ ಊದಿಕೊಡಿ" ಎಂದರು.

ಏನಾಗುತ್ತಿದೆ ಎಂದು ವಿಚಾರಿಸಿದೆ. ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆ ತೊಳಸುತ್ತದಂತೆ. ತಿಂದದ್ದು ನಿಲ್ಲುವುದಿಲ್ಲ. ರಾತ್ರಿ ಮೊಬೈಲು ದಿಂಬಿನ ಕೆಳಗಿಟ್ಟು ಮಲಗುತ್ತಾನೆ, ಅದು ಮಿಡುಕಿದರೆ ಸಾಕು, ಎದ್ದು ಕೂರುತ್ತಾನೆ. ಸ್ನೇಹಿತರ ಜೊತೆ ಮಾತಿಲ್ಲ. ಉಮ್ಮನ ಜೊತೆಗಂತೂ ಮೊದಲೇ ಇಲ್ಲ.

"ಪ್ರತಿದಿನ ವಾಂತಿಯಾಗುತ್ತದೆಯೇ?" ಎಂದು ಕೇಳಿದೆ.

"ಪ್ರತಿದಿನ ಉಸ್ತಾದ್. ಭಾನುವಾರ ಒಂದು ದಿನ ಇಲ್ಲ."

"ಭಾನುವಾರ ರಜೆ ಮಾಡುವ ಕಣ್ಣು ಯಾರದು?" ಎಂದು ಕೇಳಿದೆ. ಆ ತಾಯಿಗೆ ನಗು ಬರಲಿಲ್ಲ. ನನಗೂ ಅದು ತಮಾಷೆಯಾಗಿರಲಿಲ್ಲ. ದುಆ ಮಾಡುತ್ತೇನೆ, ಆದರೆ ಬಾಟಲಿಯ ಬದಲು ಮಗನನ್ನೇ ಕಳುಹಿಸಿಕೊಡಿ ಎಂದು ಹೇಳಿ ಕಳುಹಿಸಿದೆ.

ಮುಂದಿನ ಭಾನುವಾರ ಹುಡುಗ ಬಂದ. ಸಣ್ಣ ಸಾಲ ಕೊಡುವ ಒಂದು ಕಂಪನಿಯಲ್ಲಿ ಅವನ ಕೆಲಸ. ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಈ ಮೂರು ತಾಲ್ಲೂಕುಗಳ ಹಳ್ಳಿಗಳಿಗೆ ಬೈಕಿನಲ್ಲಿ ಹೋಗಿ ಮಹಿಳೆಯರ ಗುಂಪುಗಳಿಂದ ವಾರದ ಕಂತು ವಸೂಲಿ ಮಾಡಬೇಕು. ನಮ್ಮ ಕಡೆಯ ಹಳ್ಳಿ ಎಂದರೆ ನಿಮಗೆ ಗೊತ್ತು, ಒಂದು ಮನೆಯಿಂದ ಇನ್ನೊಂದಕ್ಕೆ ಒಂದು ಗುಡ್ಡ. ಮಳೆಗಾಲದಲ್ಲಿ ಒಂದು ಮನೆಯ ಕಂತಿಗಾಗಿ ಮೂರು ಸಲ ಹತ್ತಿ ಇಳಿಯಬೇಕು. ಅದನ್ನು ಅವನು ಕಷ್ಟ ಎಂದು ಹೇಳಲಿಲ್ಲ. ಅವನು ಹೇಳಿದ್ದು ಬೆಳಗಿನ ಮೀಟಿಂಗಿನ ಬಗ್ಗೆ. ಹಿಂದಿನ ದಿನ ಟಾರ್ಗೆಟ್ ಮುಟ್ಟದವರು ಎಲ್ಲರ ಮುಂದೆ ನಿಂತೇ ಇರಬೇಕು. ಅವರ ಹೆಸರಿಗೆ ಕೆಂಪು ಬಣ್ಣ ಹಚ್ಚಿ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. "ಅನ್ನ ತಿನ್ನುತ್ತೀಯೋ, ಮಣ್ಣು ತಿನ್ನುತ್ತೀಯೋ?" ಎಂಬುದು ಅಲ್ಲಿ ದಿನನಿತ್ಯದ ಪ್ರಶ್ನೆ.

ಇದನ್ನೂ ಅವನು ಒಂದೂವರೆ ವರ್ಷ ತಡೆದುಕೊಂಡಿದ್ದ. ಅವನನ್ನು ಮುರಿದದ್ದು ಬೇರೆಯೇ ಒಂದು ಘಟನೆ. ಶೃಂಗೇರಿ ಕಡೆಯ ಒಂದು ಹಳ್ಳಿಯಲ್ಲಿ, ತನ್ನ ಉಮ್ಮನ ಪ್ರಾಯದ ಒಬ್ಬ ಹೆಂಗಸು ಈ ವಾರ ಹಣವಿಲ್ಲ ಮಗ ಎಂದಾಗ, ಅವನ ಬಾಯಿಯಿಂದ ಅದೇ ಮಾತು ಬಂತು. ಅನ್ನವೋ, ಮಣ್ಣೋ. ಆಕೆ ಏನೂ ಹೇಳದೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. "ಉಸ್ತಾದ್, ಅದು ನನ್ನ ಸ್ವರ ಅಲ್ಲ, ನಮ್ಮ ಮ್ಯಾನೇಜರರ ಸ್ವರ" ಎಂದು ಹೇಳಿ ಅವನು ಅತ್ತ. ಇಪ್ಪತ್ತನಾಲ್ಕು ವರ್ಷದ ಗಂಡು ಹುಡುಗ.

ಸಾಲ ಪಡೆದವರಿಗೆ ಕಿರುಕುಳ ಕೊಡುವುದರ ವಿರುದ್ಧ ಕರ್ನಾಟಕ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಒಳ್ಳೆಯದೇ ಆಯಿತು. ಆದರೆ ಬಾಗಿಲ ಆಚೆ ನಿಂತವರ ಕಣ್ಣೀರು ಸುದ್ದಿಯಾದಷ್ಟು ಬಾಗಿಲ ಈಚೆ ನಿಂತ ಇಂತಹ ಹುಡುಗರ ಸ್ಥಿತಿ ಸುದ್ದಿಯಾಗಲಿಲ್ಲ.

ಅವಮಾನ ಇಳಿಯುವ ಮೆಟ್ಟಿಲು

ಅವಮಾನಕ್ಕೆ ಒಂದು ಗುಣವಿದೆ. ಅದು ಬಿದ್ದಲ್ಲೇ ಇರುವುದಿಲ್ಲ. ಮೇಲಿನವರಿಂದ ಕೆಳಗಿನವರಿಗೆ, ಕೆಳಗಿನವರಿಂದ ಇನ್ನೂ ಕೆಳಗಿನವರಿಗೆ ಮೆಟ್ಟಿಲಿಳಿಯುತ್ತಾ ಹೋಗುತ್ತದೆ. ಕೊನೆಯ ಮೆಟ್ಟಿಲಲ್ಲಿ ಸಾಮಾನ್ಯವಾಗಿ ಒಂದು ಮಗು ಇರುತ್ತದೆ. ಇದನ್ನು ನಾನು ಪುಸ್ತಕ ನೋಡಿ ಬರೆಯುತ್ತಿಲ್ಲ.

ಹದಿನೈದು ವರ್ಷಗಳ ಹಿಂದೆ ನಾನು ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಮತ್ತು ಸಮಾಜ ಪಾಠ ಮಾಡುತ್ತಿದ್ದೆ. ಮದ್ರಸದಲ್ಲಿ ಕಲಿತು, ಆ ಮೇಲೆ ಮನೆಯಲ್ಲೇ ಓದಿ ಬಿ.ಎ. ಪರೀಕ್ಷೆ ಕಟ್ಟಿ ಪಾಸಾದವನು ನಾನು. ಒಮ್ಮೆ ನಾನು ತಯಾರಿಸಿದ ಪ್ರಶ್ನೆ ಪತ್ರಿಕೆಯಲ್ಲಿ ಅಂಕಗಳನ್ನು ಕೂಡಿಸಿದರೆ ಐವತ್ತರ ಬದಲು ನಲ್ವತ್ತೆಂಟು ಬರುತ್ತಿತ್ತು. ತಪ್ಪು ನನ್ನದೇ. ಮುಖ್ಯಸ್ಥರು ಅಧ್ಯಾಪಕರ ಸಭೆಯಲ್ಲಿ ಆ ಪತ್ರಿಕೆಯನ್ನು ಎತ್ತಿ ಹಿಡಿದು, "ಇವರ ಬಿ.ಎ. ಕಾಗದದಲ್ಲಿದೆ, ತಲೆಯಲ್ಲಿ ಏನೂ ಇಲ್ಲ. ಅರಬಿ ಕಲಿಸುವವರನ್ನು ಕನ್ನಡಕ್ಕೆ ಹಾಕಿದರೆ ಹೀಗೇ" ಎಂದರು. ಇಬ್ಬರು ನಕ್ಕರು. ಒಬ್ಬರು ಮೇಜನ್ನೇ ನೋಡುತ್ತಾ ಕುಳಿತರು.

ಆ ಸಂಜೆ ನನ್ನ ಆರು ವರ್ಷದ ಮಗಳು ಮಗ್ಗಿಯಲ್ಲಿ ಎರಡು ಕಡೆ ತಪ್ಪಿದಳು. "ತಲೆಯಲ್ಲಿ ಏನೂ ಇಲ್ಲವಾ?" ಎಂದು ಕೇಳಿ ಅವಳ ಬೆನ್ನಿಗೆ ಒಂದು ಏಟು ಹಾಕಿದೆ. ಈಗ ಅವಳು ಪದವಿ ಓದುತ್ತಿದ್ದಾಳೆ. ಅದು ತನಗೆ ನೆನಪೇ ಇಲ್ಲ ಎನ್ನುತ್ತಾಳೆ. ನನಗಿದೆ.

ಮರುದಿನ ಶಾಲೆಯಲ್ಲಿ, ಮೇಜು ನೋಡುತ್ತಾ ಕುಳಿತಿದ್ದ ಆ ಸಹೋದ್ಯೋಗಿ ಕೈ ತೊಳೆಯುವ ನಲ್ಲಿಯ ಹತ್ತಿರ ಬಂದು ಮೆಲ್ಲಗೆ, "ಸಾರ್, ಹೋದ ವರ್ಷ ನನ್ನ ಪತ್ರಿಕೆಯಲ್ಲಿ ಮೂರು ಅಂಕ ಜಾಸ್ತಿ ಬಂದಿತ್ತು" ಎಂದರು. ಅಷ್ಟೇ. ಆ ಒಂದು ವಾಕ್ಯ ಕೇಳಿದ ಮೇಲೆ ನನಗೆ ಆ ದಿನ ಊಟ ಸೇರಿತು. ನನ್ನ ತಲೆಯಲ್ಲಿ ಏನೂ ಇಲ್ಲ ಎಂಬುದು ತೀರ್ಪಾಗಿರಲಿಲ್ಲ, ಅದು ಒಬ್ಬರ ಬಾಯಿಯ ಮಾತಾಗಿತ್ತು ಎಂದು ತಿಳಿಯಲು ಇನ್ನೊಬ್ಬರ ಬಾಯಿ ಬೇಕಾಯಿತು. ನನ್ನಷ್ಟಕ್ಕೆ ನಾನೇ ಎಷ್ಟು ಸಮಾಧಾನ ಹೇಳಿಕೊಂಡಿದ್ದರೂ ಅದು ಆಗುತ್ತಿರಲಿಲ್ಲ.

ಆತ್ಮಗೌರವದ ಬಗ್ಗೆ ಬರೆಯುವವರು ಹೆಚ್ಚಾಗಿ "ನಿಮ್ಮನ್ನು ನೀವು ಪ್ರೀತಿಸಿ, ಕನ್ನಡಿಯ ಮುಂದೆ ನಿಂತು ನಾನು ಸಮರ್ಥ ಎಂದು ಹೇಳಿಕೊಳ್ಳಿ" ಎನ್ನುತ್ತಾರೆ. ಹೇಳಿಕೊಳ್ಳುವುದರಿಂದ ನಷ್ಟವೇನೂ ಇಲ್ಲ. ಆದರೆ ಹತ್ತು ಜನರ ಮುಂದೆ ಕಳೆದುಕೊಂಡದ್ದು ಒಂಟಿಯಾಗಿ ಕನ್ನಡಿಯ ಮುಂದೆ ಮರಳಿ ಸಿಗುವುದು ಕಷ್ಟ ಎಂಬುದು ನನ್ನ ಅನುಭವ. ಅದನ್ನು ಮರಳಿ ಪಡೆಯಲು ಕನಿಷ್ಠ ಇನ್ನೊಬ್ಬರಾದರೂ ಬೇಕು.

ದಣಿವು ಬೇರೆ, ಇದು ಬೇರೆ

ಕೆಲಸ ಮಾಡಿದರೆ ದಣಿವಾಗುತ್ತದೆ, ರಾತ್ರಿ ನಿದ್ದೆ ಮಾಡಿದರೆ ಅದು ಹೋಗುತ್ತದೆ. ನಿದ್ದೆ ಮಾಡಿದರೂ ಹೋಗದ ಒಂದು ದಣಿವಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು 'ಬರ್ನ್‌ಔಟ್' ಎಂಬ ಹೆಸರಿನಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಸೇರಿಸುವಾಗ ಅದು ರೋಗವಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಸ್ಪಷ್ಟಪಡಿಸಿತು. ಈ ಮಾತು ಮುಖ್ಯ. ಹಾಗೆಂದರೆ ದೋಷ ದುಡಿಯುವವನ ಮನಸ್ಸಿನಲ್ಲಿ ಮಾತ್ರ ಇಲ್ಲ, ಕೆಲಸದ ಜಾಗದಲ್ಲೂ ಇದೆ. ಅದರ ಲಕ್ಷಣಗಳು ಮೂರು. ಮೈಮನಸ್ಸು ಬರಿದಾದಂತಾಗುವುದು ಮೊದಲನೆಯದು. ಕೆಲಸದ ಬಗ್ಗೆ ಜಿಗುಪ್ಸೆ, ಎದುರಿಗೆ ಬಂದವರನ್ನು ಮನುಷ್ಯರಂತೆ ಕಾಣದಿರುವುದು ಎರಡನೆಯದು. ನನ್ನಿಂದ ಯಾವುದೂ ಆಗದು ಎಂಬ ಭಾವನೆ ಮೂರನೆಯದು. ಅಮೆರಿಕದ ಮನಃಶಾಸ್ತ್ರಜ್ಞೆ ಕ್ರಿಸ್ಟಿನಾ ಮಸ್ಲಾಚ್ 1981ರಲ್ಲಿಯೇ ಇದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ರೂಪಿಸಿದ್ದರು. ನನ್ನ ವಿದ್ಯಾರ್ಥಿಯಲ್ಲಿ ಈ ಮೂರೂ ಇದ್ದವು. ನಾವು ಮಾತ್ರ ಅದನ್ನು ಕಣ್ಣು ಬಿದ್ದದ್ದು ಎಂದು ಕರೆಯುತ್ತಿದ್ದೆವು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮೇಲಿನವರು ಹೇಳಿದ ಪ್ರತಿಯೊಂದು ಮಾತೂ ಅವಮಾನವಲ್ಲ. ಅಂಕ ತಪ್ಪಿದೆ, ಸರಿಮಾಡಿ ಎನ್ನುವುದು ಅವರ ಹಕ್ಕು. ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಆ ಮಾತು ಕೇಳಿದ ಮೇಲೆ ನಾಳೆ ಆ ಕೆಲಸವನ್ನು ಹೇಗೆ ಮಾಡಬೇಕು ಎಂದು ನಿಮಗೆ ತಿಳಿಯಿತೇ? ತಿಳಿದಿದ್ದರೆ, ಎಷ್ಟೇ ಖಾರವಾಗಿದ್ದರೂ ಅದು ತಿದ್ದುವ ಮಾತು, ಇಟ್ಟುಕೊಳ್ಳಿ. ನಿಮ್ಮ ಜಾತಿ, ಧರ್ಮ, ಬಡತನ, ತಂದೆ ತಾಯಿ, ಬಣ್ಣ, ಕಲಿತ ಶಾಲೆ ಇವುಗಳ ಬಗ್ಗೆ ಮಾತ್ರ ತಿಳಿದಿದ್ದರೆ ಅದರಲ್ಲಿ ನೀವು ಮನೆಗೆ ಕೊಂಡೊಯ್ಯಬೇಕಾದದ್ದು ಏನೂ ಇಲ್ಲ.

ಕೊಪ್ಪದ ಬಸ್ಸುಗಳು

ಒಂಟಿಯಾಗಿ ತಡೆದುಕೊಳ್ಳಲಾಗದ್ದನ್ನು ಒಟ್ಟಾಗಿ ಎದುರಿಸಿದವರು ನಮ್ಮ ಊರಿನಲ್ಲೇ ಇದ್ದರು. 1991ರಲ್ಲಿ, ನಾನಿನ್ನೂ ಮದ್ರಸಕ್ಕೆ ಹೋಗುತ್ತಿದ್ದ ಕಾಲದಲ್ಲಿ, ಖಾಸಗಿ ಬಸ್ ಕಂಪನಿಯೊಂದು ನಡೆಯದ ಸ್ಥಿತಿಗೆ ಬಂದಾಗ ಅದರ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್‌ಗಳೇ ಸೇರಿ ಕೊಪ್ಪದಲ್ಲಿ ಒಂದು ಸಹಕಾರ ಸಂಘ ಕಟ್ಟಿದರು. ಅದೇ 'ಸಹಕಾರ ಸಾರಿಗೆ'. ಆರು ಬಸ್ಸುಗಳಿಂದ ಆರಂಭವಾದದ್ದು ಎಪ್ಪತ್ತಕ್ಕೂ ಹೆಚ್ಚು ಬಸ್ಸುಗಳಷ್ಟು ಬೆಳೆಯಿತು. ಮಲೆನಾಡಿನಿಂದ ಘಟ್ಟ ಇಳಿದು ಕರಾವಳಿಯವರೆಗೂ ಓಡಿತು. ಟಿಕೇಟು ಹರಿಯುವವನೇ ಅದರ ಪಾಲುದಾರ. ನಮ್ಮ ಮೂರು ತಾಲ್ಲೂಕುಗಳಲ್ಲಿ ನನ್ನ ವಯಸ್ಸಿನವರೆಲ್ಲ ಆ ಬಸ್ಸಿನಲ್ಲಿ ರಿಯಾಯಿತಿ ಪಾಸು ತೋರಿಸಿಯೇ ಶಾಲೆ ಕಾಲೇಜಿಗೆ ಹೋದವರು. ಆ ಕಂಡಕ್ಟರುಗಳು ನಮ್ಮನ್ನು ಗದರುತ್ತಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ಅವರು ಗದರುವುದರಲ್ಲಿ ಯಜಮಾನನ ಗತ್ತಿತ್ತೇ ಹೊರತು ಯಾರಿಂದಲೋ ಬೈಸಿಕೊಂಡು ಬಂದ ಕಹಿ ಇರಲಿಲ್ಲ. ಇದು ಈಗ ಹೊಳೆಯುವ ಮಾತು. ಆಗ ನಮಗೆ ಹೆದರಿಕೆ ಮಾತ್ರ ಇತ್ತು.

ಖರ್ಚು ಏರಿ, ನಷ್ಟ ತಾಳಲಾಗದೆ 2020ರ ಫೆಬ್ರವರಿಯಲ್ಲಿ ಸಹಕಾರ ಸಾರಿಗೆ ನಿಂತಿತು. ಅಲ್ಲಿ ಕಂಡಕ್ಟರಾಗಿದ್ದ ಒಬ್ಬರು ನನಗೆ ಪರಿಚಿತರು. ಬಸ್ಸು ನಿಂತ ಮೇಲೂ ಪೇಟೆಯಲ್ಲಿ ಜನ ಅವರನ್ನು "ಕಂಡಕ್ಟ್ರೇ" ಎಂದೇ ಕರೆಯುತ್ತಿದ್ದರು. ಆರಂಭದಲ್ಲಿ ಆ ಕರೆ ಕೇಳಿದರೆ ಅವರು ಬೇರೆ ದಾರಿ ಹಿಡಿಯುತ್ತಿದ್ದರಂತೆ. ಖಾಕಿ ಅಂಗಿ ಇಲ್ಲದ ಮೇಲೆ ತಾನು ಯಾರು ಎಂದು ತಿಳಿಯುತ್ತಿರಲಿಲ್ಲ ಎಂದರು. ಈಗ ತೋಟದ ಕೆಲಸ, ಜೊತೆಗೆ ಒಂದು ಸಣ್ಣ ಅಂಗಡಿ. ಈಗ ಕರೆದರೆ ತಿರುಗಿ ನೋಡುತ್ತಾರೆ, ನಗುತ್ತಾರೆ. ಒಳ್ಳೆಯ ಕೆಲಸದಲ್ಲಿದ್ದರೂ ಅದರ ಹೊರಗೆ ನಮಗೊಂದು ಹೆಸರಿರಬೇಕು. ಮಸೀದಿಯ ಸಾಲಿನಲ್ಲೋ, ಊರಿನ ವಾಲಿಬಾಲ್ ಅಂಗಳದಲ್ಲೋ, ತಂಗಿಯ ಮಕ್ಕಳ ನಡುವೆಯೋ. ಕೆಲಸ ಕೆಟ್ಟದ್ದಾಗಿದ್ದರಂತೂ ಅದು ಇರಲೇಬೇಕು.

ನೆರೆಯ ಕೇರಳದ ಒಂದು ಉದಾಹರಣೆ ನಮ್ಮ ಸಹೋದರಿಯರಿಗೆ ಗೊತ್ತಿರಬೇಕಾದದ್ದು. ಬಟ್ಟೆ ಅಂಗಡಿಗಳಲ್ಲಿ ಇಡೀ ದಿನ ನಿಂತೇ ಇರಬೇಕಾಗಿದ್ದ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ಕೋಝಿಕ್ಕೋಡ್‌ನಿಂದ ಹೋರಾಟ ಆರಂಭಿಸಿದರು. ಕೇಳಿದವರು ಮೊದಲು ನಕ್ಕರು. ಕೊನೆಗೆ 2018ರಲ್ಲಿ ಅಲ್ಲಿನ ಕಾನೂನಿಗೇ ತಿದ್ದುಪಡಿಯಾಯಿತು. 2021ರಲ್ಲಿ ತಮಿಳುನಾಡು ಕೂಡ ಅದೇ ದಾರಿ ಹಿಡಿಯಿತು. ಅವರು ಕೇಳಿದ್ದು ಒಂದು ಸ್ಟೂಲು. ಸಿಕ್ಕಿದ್ದು ಅದಕ್ಕಿಂತ ದೊಡ್ಡದು. ಕೊಪ್ಪದಲ್ಲೋ ಶೃಂಗೇರಿಯಲ್ಲೋ ಮುಂದಿನ ಸಲ ನೀವು ಬಟ್ಟೆ ಕೊಳ್ಳಲು ಹೋದಾಗ, ಇಪ್ಪತ್ತು ಸೀರೆ ಬಿಡಿಸಿ ತೋರಿಸಿದ ಆ ಹುಡುಗಿಗೆ ಕೂರಲು ಏನಾದರೂ ಇದೆಯೇ ಎಂದು ಒಮ್ಮೆ ನೋಡಿ.

ಏನು ಮಾಡಬಹುದು?

ಬರೆದಿಡಿ. ಒಂದು ಹಳೆಯ ನೋಟ್ ಪುಸ್ತಕ ಸಾಕು. ಯಾವ ದಿನ, ಎಷ್ಟು ಗಂಟೆಗೆ, ಯಾರು, ಏನು ಹೇಳಿದರು, ಅಲ್ಲಿ ಯಾರಿದ್ದರು. ಮೊಬೈಲಿನ ಸಂದೇಶಗಳನ್ನು ಅಳಿಸಬೇಡಿ. ಮುಂದೆ ದೂರು ಕೊಡಲು ಇದು ಉಪಯೋಗಕ್ಕೆ ಬರುತ್ತದೆ. ದೂರು ಕೊಡದಿದ್ದರೂ, ಕಾಗದಕ್ಕಿಳಿದ ಮಾತು ತಲೆಯಲ್ಲಿ ರಾತ್ರಿಯಿಡೀ ತಿರುಗುವುದು ಕಡಿಮೆಯಾಗುತ್ತದೆ. ನನ್ನ ವಿದ್ಯಾರ್ಥಿ ಮೊದಲು ಮಾಡಿದ್ದು ಇದನ್ನೇ.

ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳಕ್ಕೆ 2013ರ ಕಾನೂನು ಇದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಜಾಗದಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಅಂಗಡಿಯಾದರೆ, ಅಥವಾ ದೂರು ಮಾಲಿಕನ ಮೇಲೆಯೇ ಆದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೂರು ತಿಂಗಳೊಳಗೆ ಕೊಡಬೇಕು, ತಡವಾದುದಕ್ಕೆ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ಮನೆಯ ಮಾನ ಹೋಗುತ್ತದೆ ಎಂದು ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವ ತಂದೆಯರು ಮತ್ತು ಗಂಡಂದಿರು ಇದನ್ನು ಎರಡು ಸಲ ಓದಿಕೊಳ್ಳಲಿ. ಮಾನ ಹೋಗಬೇಕಾದದ್ದು ಯಾರದು?

ತಪ್ಪು ಲೆಕ್ಕಕ್ಕೆ ಸಹಿ ಹಾಕು ಎಂಬ ಒತ್ತಡವೂ ಉಂಟು. 2024ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಶಿವಮೊಗ್ಗದಲ್ಲಿ ವಾಲ್ಮೀಕಿ ಅಭಿವೃದ್ಧಿ ನಿಗಮದ ಲೆಕ್ಕ ವಿಭಾಗದ ನೌಕರರೊಬ್ಬರು ಮೇಲಧಿಕಾರಿಗಳ ಮೇಲೆ ಆರೋಪ ಬರೆದಿಟ್ಟು ಪ್ರಾಣ ಕಳೆದುಕೊಂಡದ್ದು ನಿಮಗೆ ನೆನಪಿರಬಹುದು. ಆ ಮೇಲೆ ದೊಡ್ಡ ತನಿಖೆಗಳು ನಡೆದವು, ಸಚಿವರೊಬ್ಬರು ರಾಜೀನಾಮೆ ಕೊಟ್ಟರು. ಆ ಮನೆಗೆ ಅದರಿಂದ ಏನು ಮರಳಿತು? ಇಂತಹ ಒತ್ತಡದಲ್ಲಿ ಇರುವವರು ಆ ಭಾರವನ್ನು ಒಬ್ಬರೇ ಹೊರಬಾರದು. ಹೆಂಡತಿಗೆ, ಅಣ್ಣನಿಗೆ, ಒಬ್ಬ ವಕೀಲರಿಗೆ, ಯಾರಿಗಾದರೂ ಅದೇ ದಿನ ಹೇಳಬೇಕು.

ಇನ್ನು ಮನೆಯವರಿಗೆ ಒಂದು ಮಾತು. "ಎಲ್ಲರೂ ಸಹಿಸುತ್ತಾರೆ, ನಿನಗೊಬ್ಬನಿಗೆ ಏನು?" ಎಂದು ಕೇಳಬೇಡಿ. "ಸಬ್ರ್ ಮಾಡು" ಎಂದು ಹೇಳಿ ಎದ್ದು ಹೋಗಬೇಡಿ. ಮದ್ರಸದಲ್ಲಿ ಸಬ್ರ್ ಕಲಿಸುವವನಾಗಿಯೇ ಹೇಳುತ್ತೇನೆ, ಅನ್ಯಾಯದ ಎದುರು ಬಾಯಿ ಮುಚ್ಚಿ ಕೂರುವುದಕ್ಕೆ ಆ ಪದವನ್ನು ನಾವು ಬಹಳ ದುರುಪಯೋಗ ಮಾಡಿದ್ದೇವೆ. ಸಬ್ರ್ ಎಂದರೆ ದೃಢವಾಗಿ ನಿಲ್ಲುವುದು. ನಿಂತವನ ಪಕ್ಕದಲ್ಲಿ ನೀವೂ ಸ್ವಲ್ಪ ಹೊತ್ತು ಕುಳಿತರೆ ಅವನಿಗೆ ಅದು ಸುಲಭ. ಬಂದ ಕೂಡಲೇ ಕೇಳಬೇಡಿ. ಚಹಾ ಮುಗಿಯಲಿ. ಆ ಮೇಲೆ "ಇವತ್ತು ಯಾರಾದರೂ ಏನಾದರೂ ಹೇಳಿದರಾ?" ಎಂದು ಕೇಳಿ. ಉತ್ತರ ಬರದಿದ್ದರೆ ನಾಳೆ ಮತ್ತೆ ಕೇಳಿ.

ಈ ಪತ್ರಿಕೆಯ ಓದುಗರಲ್ಲಿ ಅಂಗಡಿ, ಹೋಟೆಲು, ತೋಟ ಇರುವವರೂ ಬಹಳ ಇದ್ದಾರೆ. ಅವರು ಬೇಸರಿಸಬಾರದು. ಪ್ರವಾದಿಯವರ(ಸ) ಮನೆಯಲ್ಲಿ ಹತ್ತು ವರ್ಷ ಸೇವೆ ಮಾಡಿದ ಅನಸ್(ರ) ಅವರು, ಅಷ್ಟು ಕಾಲದಲ್ಲಿ ತಾನು ಒಂದು 'ಛೆ' ಎಂಬ ಮಾತನ್ನೂ ಕೇಳಲಿಲ್ಲ ಎಂದು ಸ್ಮರಿಸಿದ್ದಾರೆ. ಅವರು ಸೇವೆಗೆ ಸೇರಿದಾಗ ಹತ್ತು ವರ್ಷದ ಹುಡುಗ. ಆ ವಯಸ್ಸಿನ ಹುಡುಗ ಹತ್ತು ವರ್ಷದಲ್ಲಿ ಒಂದೂ ತಪ್ಪು ಮಾಡಿರಲಾರನೇ? ನಮ್ಮ ಅಂಗಡಿಯಲ್ಲಿ ಗ್ಲಾಸು ಒಡೆದ ಹುಡುಗನಿಗೆ ಗಿರಾಕಿಗಳ ಮುಂದೆ ನಾವು ಹೇಳುವ ಮಾತನ್ನು ಒಮ್ಮೆ ನೆನಪಿಸಿಕೊಳ್ಳೋಣ.

ನಿದ್ದೆ ವಾರಗಟ್ಟಲೆ ಕೆಟ್ಟರೆ, ಊಟ ಸೇರದಿದ್ದರೆ, ಬದುಕೇ ಬೇಡ ಎಂಬ ಮಾತು ಬಾಯಿಗೆ ಬಂದರೆ, ಆಪ್ತರ ಮಾತು ಮಾತ್ರ ಸಾಲದು, ವೈದ್ಯರು ಬೇಕು. ಕೇಂದ್ರ ಸರಕಾರದ 'ಟೆಲಿ ಮಾನಸ್' ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಸಂಖ್ಯೆ 14416. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದಿದೆ. ಮನೋವೈದ್ಯರು ನಿಗದಿತ ದಿನದಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ 'ಮನೋಚೈತನ್ಯ' ಎಂಬ ಕಾರ್ಯಕ್ರಮವೂ ನಮ್ಮ ರಾಜ್ಯದಲ್ಲಿದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ದಿನ ಎಂದು ವಿಚಾರಿಸಿ. ಮನೋವೈದ್ಯರ ಬಾಗಿಲಲ್ಲಿ ಕಂಡರೆ ಹುಚ್ಚು ಎಂದಾರು ಎಂಬ ಹೆದರಿಕೆ ನಮ್ಮ ಸಮುದಾಯದಲ್ಲಿ ಇನ್ನೂ ಇದೆ. ಜ್ವರಕ್ಕೆ ಹೋದರೆ ಯಾರೂ ಏನೂ ಅನ್ನುವುದಿಲ್ಲ.

ಆ ಹುಡುಗ ಆವೇಶದಲ್ಲಿ ಕೆಲಸ ಬಿಡಲಿಲ್ಲ. ಬಿಡಬೇಡ ಎಂದು ನಾನೇ ಹೇಳಿದ್ದೆ, ಬೈಕಿನ ಸಾಲ ಇತ್ತು. ಮೊದಲು ಉಮ್ಮನಿಗೆ ಎಲ್ಲವನ್ನೂ ಹೇಳಿದ. ವೈದ್ಯರಿಗೆ ತೋರಿಸಿದ. ತನ್ನಂತೆಯೇ ನಿಲ್ಲಿಸಲ್ಪಡುತ್ತಿದ್ದ ಇನ್ನಿಬ್ಬರ ಜೊತೆ ಮಾತಾಡಿದ. ಮೂವರೂ ಸೇರಿ, ಗುಂಪಿನಲ್ಲಿ ಹೆಸರು ಹಾಕುವುದನ್ನು ನಿಲ್ಲಿಸಬೇಕೆಂದು ಮೇಲಿನ ಕಚೇರಿಗೆ ಬರೆದರು. ಹೆಸರು ಹಾಕುವುದು ನಿಂತಿತು, ಬೈಗುಳ ನಿಲ್ಲಲಿಲ್ಲ. ಐದು ತಿಂಗಳು ಬೇರೆ ಕೆಲಸ ಹುಡುಕಿ, ಕೊಪ್ಪದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯಲು ಸೇರಿದ. ಸಂಬಳ ಮೊದಲಿಗಿಂತ ಮೂರು ಸಾವಿರ ಕಡಿಮೆ. ಕೆಲಸ ಬಿಟ್ಟ ಮರುದಿನ ಅವನು ಶೃಂಗೇರಿ ಕಡೆಯ ಆ ಹಳ್ಳಿಗೆ ಹೋಗಿ ಬಂದನಂತೆ. ಆ ಹೆಂಗಸು ಮೊದಲು ಕಂತಿಗೇ ಬಂದನೆಂದು ತಿಳಿದು ಹೆದರಿದರಂತೆ. ಆ ಮೇಲೆ ಕಾಫಿ ಕೊಟ್ಟರಂತೆ.

ಮೊನ್ನೆ ಅವನ ಉಮ್ಮ ಪೇಟೆಯಲ್ಲಿ ಸಿಕ್ಕಿದ್ದರು. ಮಗ ಈಗ ಬೆಳಿಗ್ಗೆ ನಾಲ್ಕು ಕಡುಬು ತಿಂದು ಹೋಗುತ್ತಾನೆ ಎಂದರು. ಸ್ವಲ್ಪ ತಡೆದು, "ಆದರೂ ಉಸ್ತಾದ್, ಅವತ್ತು ಆ ನೀರಿಗೆ ಒಮ್ಮೆ ಓದಿಕೊಟ್ಟಿದ್ದರೆ ಇಷ್ಟೆಲ್ಲ ಓಡಾಟ ತಪ್ಪುತ್ತಿತ್ತು" ಎಂದರು.